ಅಂಗೈಯಗಲದ ಯಂತ್ರಶಾಲೆ

ಹಿಂದಿನ ಕಾಲದ ಗೃಹಕೃತ್ಯವು ಕಣ್ಣಿಗೆ ಕಾಣುವ ಉಪಕರಣಗಳಿಂದ ನಡೆಯುತ್ತಿತ್ತು. ಬೀಸುವ ಕಲ್ಲಿನಲ್ಲಿ ಕಾಳು ಹೇಗೆ ಹಿಟ್ಟಾಗುವುದು, ಬಾವಿಯ ರಾಟೆಯ ಮೇಲೆ ಹಗ್ಗವು ಹರಿದು ಕೊಡವು ಹೇಗೆ ಮೇಲೇರುವುದು, ಕಡೆಗೋಲನ್ನು ಹಿಂದು ಮುಂದಾಗಿ ತಿರುಗಿಸಿದರೆ ಮೊಸರಿನಿಂದ ಬೆಣ್ಣೆಯು ಹೇಗೆ ಬೇರೆಯಾಗುವುದು ಎಂಬುದನ್ನು ಐದಾರು ವರ್ಷದ ಕೂಸು ಕೂಡ ಎದುರಿಗೆ ಕುಳಿತು ನೋಡಿ ತಿಳಿಯಬಹುದಾಗಿತ್ತು. ಈಗಿನ ಮನೆಗಳಲ್ಲಿ ಹಾಗಿಲ್ಲ. ಬಟ್ಟೆ ಒಗೆಯುವ ಯಂತ್ರವು ನೀರು ಸಾಕಾಯಿತೆಂದು ತಾನೇ ಅರಿತು ನೀರನ್ನು ನಿಲ್ಲಿಸುತ್ತದೆ. ಇಂಡಕ್ಷನ್ ಒಲೆಯು ಪಾತ್ರೆಯನ್ನು ಎತ್ತಿದೊಡನೆ ಕಾಯುವುದನ್ನು ಬಿಡುತ್ತದೆ. ಮೈಕ್ರೋವೇವ್ ಒಲೆಯು ಹೇಳಿದ ನಿಮಿಷಕ್ಕೆ ಸರಿಯಾಗಿ ಕೂಗಿ ಕರೆಯುತ್ತದೆ. ಇವೆಲ್ಲವುಗಳ ಹೊಟ್ಟೆಯಲ್ಲಿ ಬೆರಳಿನುಗುರಿನಷ್ಟು ಗಾತ್ರದ ಕರಿಯ ತುಣುಕೊಂದು ಕುಳಿತು, ಹಗಲಿರುಳೆನ್ನದೆ ಅಪ್ಪಣೆ ಕೊಡುತ್ತಿರುತ್ತದೆ. ಅದರ ಹೆಸರು ಮೈಕ್ರೋಕಂಟ್ರೋಲರ್. ಕನ್ನಡದಲ್ಲಿ ಅದನ್ನು ಸೂಕ್ಷ್ಮನಿಯಂತ್ರಕವೆಂದು ಕರೆಯಬಹುದು.

ಇಷ್ಟೊಂದು ಸೇವಕರು ಮನೆ ತುಂಬ ಇದ್ದರೂ ಅವರ ಪರಿಚಯವು ಮನೆಯವರಿಗೆ ಇಲ್ಲದಿರುವುದು ವಿಚಿತ್ರವಲ್ಲವೆ? ಯಂತ್ರದ ಪೆಟ್ಟಿಗೆಗೆ ಮೊಳೆ ಬಿಗಿದು, ಬಿಚ್ಚಿದರೆ ಜವಾಬ್ದಾರಿಯಿಲ್ಲವೆಂದು ಚೀಟಿ ಅಂಟಿಸಿರುತ್ತಾರೆ. ಇದು ಹೇಗೆ ನಡೆಯುತ್ತದೆಂದು ಮಗು ಕೇಳಿದರೆ, ‘ಮುಟ್ಟಬೇಡ, ಕೆಟ್ಟೀತು’ ಎಂಬುದೇ ನಮ್ಮ ಉತ್ತರವಾಗುತ್ತದೆ. ಹೀಗೆಯೇ ನಡೆದರೆ, ಎಲ್ಲವನ್ನೂ ಬಳಸಬಲ್ಲ, ಆದರೆ ಒಂದಕ್ಕೂ ಕಾರಣ ಹೇಳಲಾರದ ಸಂತತಿಯೊಂದು ಬೆಳೆಯುವುದು ನಿಶ್ಚಯ. ಈ ಕೊರತೆಯನ್ನು ನೀಗುವುದಕ್ಕೆ ಒಂದು ಸುಲಭವಾದ ಸಾಧನವುಂಟು. ಅದೇ ಸೂಕ್ಷ್ಮನಿಯಂತ್ರಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಅಂಗೈಯಗಲದ ಹಲಗೆಯೊಂದರ ಮೇಲೆ ಕೂರಿಸಿ, ಕಲಿಯುವವರ ಕೈಗೆ ಒಪ್ಪಿಸಿದ್ದಾರೆ. ಇಂತಹ ಬೋರ್ಡುಗಳಲ್ಲಿ ಲೋಕವಿಖ್ಯಾತವಾದ ಆರ್ಡುಯಿನೋ ಎಂಬುದನ್ನು ಕುರಿತು ವಾಚಕರಿಗೆ ನಾಲ್ಕು ಮಾತು ತಿಳಿಸುವುದೇ ಈ ಲೇಖನದ ಉದ್ದೇಶ.

ತುಣುಕಿನೊಳಗಿನ ಶಾನುಭೋಗ

ದೊಡ್ಡ ಕಂಪ್ಯೂಟರನ್ನು ಜಿಲ್ಲಾ ಕಚೇರಿಗೆ ಹೋಲಿಸಬಹುದು. ಅಲ್ಲಿ ಲೆಕ್ಕ ಮಾಡುವವರು ಬೇರೆ, ದಫ್ತರವನ್ನು ಕಾಪಾಡುವವರು ಬೇರೆ, ಬಾಗಿಲಲ್ಲಿ ಅರ್ಜಿಗಳನ್ನು ತೆಗೆದುಕೊಳ್ಳುವವರು ಬೇರೆ. ಸೂಕ್ಷ್ಮನಿಯಂತ್ರಕವು ಹಳ್ಳಿಯ ಶಾನುಭೋಗರಂತೆ. ಲೆಕ್ಕ ಬರೆಯುವವರೂ ಅವರೇ, ಪುಸ್ತಕವನ್ನಿಡುವವರೂ ಅವರೇ, ಬಂದವರನ್ನು ವಿಚಾರಿಸಿ ಉತ್ತರ ಕೊಡುವವರೂ ಅವರೇ. ಎಣಿಕೆ ಮಾಡುವ ಭಾಗ, ನೆನಪಿನ ಭಾಗ, ಹೊರಲೋಕದೊಡನೆ ವ್ಯವಹರಿಸುವ ಭಾಗ, ಈ ಮೂರೂ ಒಂದೇ ತುಣುಕಿನಲ್ಲಿ ಅಡಕವಾಗಿರುವುದೇ ಇದರ ವಿಶೇಷ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೭೪ರಲ್ಲಿ ಟಿ.ಎಂ.ಎಸ್. ೧೦೦೦ ಎಂಬ ತುಣುಕನ್ನು ಮಾರಾಟಕ್ಕೆ ತಂದಿತು. ಇಂಟೆಲ್ ಸಂಸ್ಥೆಯು ೧೯೮೦ರಲ್ಲಿ ಹೊರಡಿಸಿದ ೮೦೫೧ ಎಂಬುದು ಬಹುಕಾಲ ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಠವಾಗಿ ನಡೆಯಿತು.

ಆರ್ಡುಯಿನೋ ಬೋರ್ಡುಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದುದು ೨೦೧೦ರಲ್ಲಿ ಹೊರಬಂದ ‘ಊನೋ’. ಇಟಲಿಯ ಭಾಷೆಯಲ್ಲಿ ಊನೋ ಎಂದರೆ ಒಂದು. ಅದರ ಮೇಲಿರುವ ಎ.ಟಿ.ಮೆಗಾ ೩೨೮ಪಿ ಎಂಬ ತುಣುಕಿನ ಅಪ್ಪಣೆಪುಸ್ತಕದಲ್ಲಿ ೩೨ ಕಿಲೋಬೈಟುಗಳಷ್ಟು ಮಾತ್ರ ಸ್ಥಳವಿದೆ. ಕೆಲಸ ಮಾಡುವಾಗ ಗೀಚಿಕೊಳ್ಳುವ ಹಲಗೆಯಂತಿರುವ ನೆನಪು ೨ ಕಿಲೋಬೈಟು. ಇದೆಷ್ಟು ಅಲ್ಪವೆಂದರೆ, ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ, ವಾಚಕರು ಈಗ ಓದುತ್ತಿರುವ ಲೇಖನವು ಕೂಡ ಆ ಪುಸ್ತಕದಲ್ಲಿ ಪೂರ್ತಿಯಾಗಿ ಹಿಡಿಸಲಾರದು. ಆದರೆ ಅದರ ಚುರುಕುತನ ಅಲ್ಪವಲ್ಲ. ಅದರ ಗಡಿಯಾರವು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಬಾರಿ ಮಿಡಿಯುತ್ತದೆ. ಬಹುಮಟ್ಟಿನ ಅಪ್ಪಣೆಗಳು ಒಂದೆರಡು ಮಿಡಿತಗಳಲ್ಲಿಯೇ ಮುಗಿದುಹೋಗುತ್ತವೆ. ಬೋರ್ಡಿನ ಎರಡು ಅಂಚುಗಳಲ್ಲಿ ತಂತಿ ಚುಚ್ಚುವ ರಂಧ್ರಗಳ ಸಾಲುಗಳಿವೆ. ಅವುಗಳಲ್ಲಿ ೧೪ ‘ಹೌದು, ಅಲ್ಲ’ ಎಂಬೆರಡೇ ಮಾತುಗಳನ್ನು ಆಡತಕ್ಕವು, ಕೇಳತಕ್ಕವು. ಇನ್ನು ೬, ಎಷ್ಟು ಬಿಸಿಲು, ಎಷ್ಟು ತೇವ ಎಂಬಂತೆ ಹೆಚ್ಚು ಕಡಮೆಯನ್ನು ಅಳೆಯತಕ್ಕವು. ಶಾನುಭೋಗರ ಕಣ್ಣು, ಕಿವಿ, ಕೈಗಳೆಂದರೆ ಇವೇ.

ಇವ್ರೆಯಾ ಪಟ್ಟಣದ ಕಥೆ

ಇಟಲಿ ದೇಶದ ವಾಯವ್ಯಭಾಗದಲ್ಲಿ, ಟೂರಿನ್ ನಗರಕ್ಕೆ ಸಮೀಪವಾಗಿ, ಡೋರಾ ಬಾಲ್ತೆಯಾ ನದಿಯ ದಡದಲ್ಲಿ ಇವ್ರೆಯಾ ಎಂಬ ಪಟ್ಟಣವಿದೆ. ಕಮಿಲ್ಲೊ ಒಲಿವೆಟ್ಟಿ ಎಂಬ ಎಂಜಿನಿಯರು ೧೯೦೮ರಲ್ಲಿ ಅಲ್ಲಿ ಟೈಪ್‌ರೈಟರ್ ಕಾರ್ಖಾನೆಯನ್ನು ಸ್ಥಾಪಿಸಿದನು. ಆ ಕಾರ್ಖಾನೆಯು ಬೆಳೆದು, ೧೯೬೫ರಲ್ಲಿ ಪ್ರೋಗ್ರಾಮಾ ೧೦೧ ಎಂಬ ಮೇಜಿನ ಮೇಲಿಡುವ ಗಣಕವನ್ನು ಲೋಕಕ್ಕೆ ತೋರಿಸಿತು. ಟೈಪ್‌ರೈಟರುಗಳ ಕಾಲ ಮುಗಿದ ಬಳಿಕ ಕಾರ್ಖಾನೆಯ ವೈಭವವೂ ಇಳಿಯಿತು. ಅದರ ಕಟ್ಟಡಗಳಿರುವ ಭಾಗವು ಇಪ್ಪತ್ತನೆಯ ಶತಮಾನದ ಕೈಗಾರಿಕಾ ನಗರವೆಂದು ೨೦೧೮ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

ಈ ಊರಿನಲ್ಲಿ ೨೦೦೧ರಲ್ಲಿ ಒಂದು ವಿನ್ಯಾಸ ವಿದ್ಯಾಲಯವು ಆರಂಭವಾಯಿತು. ಮನುಷ್ಯನಿಗೂ ಯಂತ್ರಕ್ಕೂ ನಡುವಣ ವ್ಯವಹಾರವು ಹೇಗಿರಬೇಕೆಂಬುದು ಅಲ್ಲಿನ ಅಭ್ಯಾಸದ ವಿಷಯ. ಕಲಿಯಲು ಬಂದವರಲ್ಲಿ ಅನೇಕರು ಚಿತ್ರಕಾರರು, ವಿನ್ಯಾಸಕಾರರು. ವಿದ್ಯುತ್ತಿನ ಗಣಿತವನ್ನು ಬಲ್ಲವರು ಕಡಮೆ. ಅವರಿಗೆ ದೊರೆಯುತ್ತಿದ್ದ ಬೋರ್ಡುಗಳು ಬೆಲೆಯಲ್ಲಿ ಭಾರವಾಗಿದ್ದುವು, ಬಳಸುವುದಕ್ಕೆ ತೊಡಕಾಗಿದ್ದುವು. ಕೊಲಂಬಿಯಾ ದೇಶದಿಂದ ಬಂದಿದ್ದ ಎರ್ನಾಂಡೊ ಬರ್ರಾಗಾನ್ ಎಂಬ ವಿದ್ಯಾರ್ಥಿಯು ೨೦೦೩ರಲ್ಲಿ ಇದಕ್ಕೆ ಪರಿಹಾರವನ್ನು ಹುಡುಕತೊಡಗಿ, ತನ್ನ ಪದವಿಯ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ಬೋರ್ಡನ್ನೂ ಅದಕ್ಕೆ ಅಪ್ಪಣೆ ಬರೆಯುವ ಸುಲಭವಾದ ರೀತಿಯನ್ನೂ ರಚಿಸಿದನು. ಆತನಿಗೆ ಮಾರ್ಗದರ್ಶಕರಾಗಿದ್ದವರು ಅಲ್ಲಿನ ಅಧ್ಯಾಪಕರಾದ ಮಾಸ್ಸಿಮೊ ಬಾನ್ಜಿ ಮತ್ತು ಕೇಸಿ ರಿಯಾಸ್. ಇವರಲ್ಲಿ ರಿಯಾಸ್ ಎಂಬಾತನು ಅದಕ್ಕೆ ಮೊದಲೇ, ೨೦೦೧ರಲ್ಲಿ, ಬೆನ್ ಫ್ರೈ ಎಂಬಾತನೊಡನೆ ಸೇರಿ, ಚಿತ್ರಕಾರರಿಗಾಗಿ ‘ಪ್ರೊಸೆಸಿಂಗ್’ ಎಂಬ ಸುಲಭ ಭಾಷೆಯನ್ನು ಹುಟ್ಟಿಸಿದ್ದನು. ಹೀಗೆ ಒಬ್ಬರ ದೀಪದಿಂದ ಇನ್ನೊಬ್ಬರ ದೀಪವು ಹೊತ್ತಿಕೊಂಡಿತು.

ಬಳಿಕ ೨೦೦೫ರಲ್ಲಿ ಬಾನ್ಜಿ, ಡೇವಿಡ್ ಕ್ವಾರ್ತಿಯೆಲ್ಲೆಸ್, ಡೇವಿಡ್ ಮೆಲ್ಲಿಸ್ ಎಂಬವರು ವೈರಿಂಗಿನ ತಳಹದಿಯ ಮೇಲೆ, ಇನ್ನೂ ಅಗ್ಗವಾದ ತುಣುಕನ್ನು ಬಳಸಿ, ಹೊಸ ಬೋರ್ಡೊಂದನ್ನು ಕಟ್ಟಿದರು. ಟಾಮ್ ಐಗೊ, ಜಾನ್‌ಲೂಕಾ ಮಾರ್ಟಿನೊ ಎಂಬವರು ಇವರ ಜತೆಗೂಡಿದರು. ಪಿಜ್ಜಾ ಅಂಗಡಿಯಲ್ಲಿ ಒಂದು ಹೊತ್ತಿನ ಊಟಕ್ಕೆ ತಗಲುವಷ್ಟು, ಎಂದರೆ ಸುಮಾರು ೩೦ ಡಾಲರು, ಇದರ ಬೆಲೆಯಾಗಿರಬೇಕೆಂದು ಅವರು ಗುರಿಯಿಟ್ಟುಕೊಂಡರು. ಹೆಸರೂ ವಿನೋದವಾಗಿ ಬಂದಿತು. ಇವ್ರೆಯಾದ ಆರ್ಡುಯಿನ್ ಎಂಬ ಪಾಳೆಯಗಾರನು ೧೦೦೨ರಲ್ಲಿ ಇಟಲಿಯ ಅರಸನೆಂದು ಪಟ್ಟವನ್ನೇರಿದನು. ಎರಡೇ ವರ್ಷಗಳಲ್ಲಿ ಜರ್ಮನಿಯ ಎರಡನೆಯ ಹೆನ್ರಿಯು ಆ ಕಿರೀಟವನ್ನು ತಾನು ಧರಿಸಿದನು. ಆ ಅರಸನ ಹೆಸರನ್ನಿಟ್ಟುಕೊಂಡ ಪಾನಗೃಹವೊಂದು ಊರಿನಲ್ಲಿತ್ತು; ಬಾನ್ಜಿಯು ಅಲ್ಲಿ ಕೂಡುವುದು ವಾಡಿಕೆ. ಅಲ್ಲಿಂದ ಬೋರ್ಡಿಗೆ ಆರ್ಡುಯಿನೋ ಎಂಬ ಹೆಸರಾಯಿತು. ಸಾವಿರ ವರ್ಷಗಳ ಹಿಂದೆ ರಾಜ್ಯವನ್ನು ಕಳೆದುಕೊಂಡವನ ಹೆಸರು ಈಗ ಲೋಕದ ಎಷ್ಟೋ ಶಾಲೆಗಳ ಮಕ್ಕಳ ಬಾಯಲ್ಲಿ ನಲಿಯುತ್ತಿದೆ.

ಈ ಸಮಯದಲ್ಲಿ ಒಂದು ಸಂಕಟವು ಒದಗಿತು. ವಿದ್ಯಾಲಯಕ್ಕೆ ಬರುತ್ತಿದ್ದ ಧನಸಹಾಯವು ಮುಗಿಯುತ್ತ ಬಂದು, ಅದು ಇವ್ರೆಯಾದಲ್ಲಿ ಬಾಗಿಲು ಮುಚ್ಚುವುದು ನಿಶ್ಚಯವಾಯಿತು. ವಿದ್ಯಾಲಯ ಹೋದರೆ ಅದರ ಆಸ್ತಿಯೊಡನೆ ಬೋರ್ಡಿನ ನಕ್ಷೆಯೂ ಯಾರ ಪಾಲಾಗುವುದೋ, ಯಾವ ಬೀರುವಿನಲ್ಲಿ ಧೂಳು ತಿನ್ನುವುದೋ ಎಂಬ ಚಿಂತೆ ಇವರನ್ನು ಹಿಡಿಯಿತು. ಅದನ್ನು ಬಚ್ಚಿಡುವ ಯೋಚನೆಯನ್ನು ಬಿಟ್ಟು ಇವರು ಎಲ್ಲರಿಗೂ ಹಂಚಿಬಿಟ್ಟರು. ಬೋರ್ಡಿನ ನಕ್ಷೆ, ಅದರ ತಂತ್ರಾಂಶ, ಎರಡನ್ನೂ ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು, ತಿದ್ದಬಹುದು, ಮಾರಲೂಬಹುದು; ತಿದ್ದಿದುದನ್ನು ಹಂಚುವಾಗ ಇತರರಿಗೂ ಅದೇ ಸ್ವಾತಂತ್ರ್ಯವನ್ನು ಕೊಡತಕ್ಕದ್ದು ಎಂಬುದು ಅವರ ಕರಾರು. ಹೆಸರನ್ನು ಮಾತ್ರ ತಮ್ಮದಾಗಿ ಉಳಿಸಿಕೊಂಡರು. ಮುಚ್ಚುವ ಶಾಲೆಯ ಒಂದು ಪಾಠವು ಹೀಗೆ ಲೋಕದ ಪಾಠವಾಯಿತು.

ಬೀಗವಿಲ್ಲದ ವಿದ್ಯೆ

ವಿದ್ಯೆಯನ್ನು ಹಂಚಿದರೆ ಕಡಮೆಯಾಗುವುದೆಂಬ ಅಂಜಿಕೆಗೆ ಇಲ್ಲಿ ಒಳ್ಳೆಯ ಉತ್ತರ ದೊರೆಯುತ್ತದೆ. ನಕ್ಷೆಯು ಬಯಲಿನಲ್ಲಿದ್ದುದರಿಂದ ಅನೇಕ ದೇಶಗಳ ಕಾರ್ಖಾನೆಗಳು ಅದೇ ಮಾದರಿಯ ಬೋರ್ಡುಗಳನ್ನು ಮಾಡಿ ಅಗ್ಗದ ಬೆಲೆಗೆ ಮಾರಿದುವು. ಉಪಾಧ್ಯಾಯರು ಪಾಠಗಳನ್ನು ಬರೆದರು. ಹವ್ಯಾಸಿಗಳು ಗಾಳಿಯ ತೇವವನ್ನು ಅಳೆಯುವುದಕ್ಕೂ, ಚಕ್ರವನ್ನು ತಿರುಗಿಸುವುದಕ್ಕೂ, ಗಡಿಯಾರವನ್ನು ನಡೆಸುವುದಕ್ಕೂ ಬೇಕಾದ ಅಪ್ಪಣೆಗಳ ಕಂತೆಗಳನ್ನು ಸಿದ್ಧಮಾಡಿ ಧರ್ಮಾರ್ಥವಾಗಿ ಹಂಚಿದರು. ಹೀಗಾಗಿ ಹೊಸದಾಗಿ ಕಲಿಯುವವನು ಎಲ್ಲವನ್ನೂ ತಾನೇ ಮೊದಲಿನಿಂದ ಕಟ್ಟಬೇಕಾದುದಿಲ್ಲ.

ಈ ಕಥೆಯಲ್ಲಿ ನೆರಳಿಲ್ಲವೆಂದು ತಿಳಿಯಬಾರದು. ತಳಹದಿಯನ್ನು ಹಾಕಿದ ಬರ್ರಾಗಾನನ ಹೆಸರು ಬಹುಕಾಲ ಹಿಂದೆ ಬಿದ್ದಿತ್ತು. ಆತನು ೨೦೧೬ರಲ್ಲಿ ತನ್ನ ಭಾಗದ ಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಬೇಕಾಯಿತು. ಸ್ಥಾಪಕರಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿ, ಆರ್ಡುಯಿನೋ ಎಂಬ ಒಂದೇ ಹೆಸರಿಗಾಗಿ ಎರಡು ಸಂಸ್ಥೆಗಳು ೨೦೧೫ರಲ್ಲಿ ನ್ಯಾಯಾಲಯದಲ್ಲಿ ಸೆಣಸಿ, ೨೦೧೬ರಲ್ಲಿ ರಾಜಿಯಾದುವು. ಅಮೆರಿಕದ ಕ್ವಾಲ್‌ಕಾಮ್ ಎಂಬ ದೊಡ್ಡ ಸಂಸ್ಥೆಯು ಆರ್ಡುಯಿನೋವನ್ನು ಕೊಳ್ಳುವುದಾಗಿ ೨೦೨೫ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಒಡೆತನವು ಕೈ ಬದಲಾಯಿಸಬಹುದು; ಆದರೆ ಒಮ್ಮೆ ಲೋಕಕ್ಕೆ ಕೊಟ್ಟ ಹಳೆಯ ನಕ್ಷೆಗಳನ್ನು ಯಾರೂ ಹಿಂದಕ್ಕೆ ಕರೆದುಕೊಳ್ಳುವಂತಿಲ್ಲ. ಬೀಗವಿಲ್ಲದ ವಿದ್ಯೆಯ ಬಲವೇ ಇದು.

ಈ ಬೋರ್ಡಿನ ದಾರಿಯಲ್ಲಿ ಬೇರೆ ಬೋರ್ಡುಗಳೂ ಬಂದುವು. ಬ್ರಿಟನ್ನಿನಲ್ಲಿ ಬಿ.ಬಿ.ಸಿ. ಸಂಸ್ಥೆಯವರು ೨೦೧೬ರಲ್ಲಿ ‘ಮೈಕ್ರೋಬಿಟ್’ ಎಂಬ ಪುಟ್ಟ ಬೋರ್ಡನ್ನು ಹನ್ನೊಂದು ಹನ್ನೆರಡು ವರ್ಷದ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿದರು. ಅದರ ಮೈಮೇಲೆ ಐದೈದರ ಐದು ಸಾಲಾಗಿ ೨೫ ಕೆಂಪು ದೀಪಗಳಿವೆ. ಅದೇ ದೇಶದಿಂದ ೨೦೨೧ರಲ್ಲಿ ‘ರಾಸ್‌ಬೆರಿ ಪೈ ಪೀಕೋ’ ಎಂಬುದು ೪ ಡಾಲರಿನ ಬೆಲೆಗೆ ಹೊರಬಂದಿತು. ಚೀನಾದ ಶಾಂಘಾಯಿಯ ಎಸ್ಪ್ರೆಸಿಫ್ ಸಂಸ್ಥೆಯ ‘ಇ.ಎಸ್.ಪಿ. ೩೨’ ಎಂಬ ತುಣುಕು ತಂತಿಯಿಲ್ಲದೆಯೇ ಮನೆಯ ವೈಫೈಗೆ ಸೇರಬಲ್ಲುದು. ನಮ್ಮ ದೇಶದಲ್ಲಿಯೂ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯವರು ‘ವೇಗ’ ಎಂಬ ಹೆಸರಿನ ಪ್ರೊಸೆಸರುಗಳನ್ನು ರೂಪಿಸಿ, ಅವುಗಳಲ್ಲೊಂದಾದ ‘ತೇಜಸ್ ೩೨’ ಎಂಬ ತುಣುಕನ್ನು ‘ಏರೀಸ್’ ಎಂಬ ಬೋರ್ಡುಗಳ ಮೇಲೆ ಕೂರಿಸಿದ್ದಾರೆ. ಆರ್ಡುಯಿನೋ ಕಲಿತವರು ಅದೇ ಅಭ್ಯಾಸದಿಂದ ಇದನ್ನೂ ನಡೆಸಬಹುದು.

ಮೊದಲ ಪಾಠಗಳು

ಮನೆಯಲ್ಲಿ ಇದನ್ನು ಆರಂಭಿಸಲು ಬೇಕಾದ ಸಾಮಗ್ರಿ ಬಹಳವಿಲ್ಲ. ಒಂದು ಊನೋ ಬೋರ್ಡು, ಅದನ್ನು ಕಂಪ್ಯೂಟರಿಗೆ ಸೇರಿಸುವ ಯು.ಎಸ್.ಬಿ. ಕೇಬಲ್ಲು, ಬೆಸುಗೆಯಿಲ್ಲದೆ ತಂತಿಗಳನ್ನು ಚುಚ್ಚಿ ಜೋಡಿಸಲು ರಂಧ್ರಗಳಿರುವ ಬ್ರೆಡ್‌ಬೋರ್ಡ್ ಎಂಬ ಬಿಳಿಯ ಹಲಗೆ, ಹತ್ತಿಪ್ಪತ್ತು ತಂತಿಗಳು, ಕೆಲವು ಎಲ್.ಇ.ಡಿ. ದೀಪಗಳು, ೨೨೦ ಓಮಿನ ರೆಸಿಸ್ಟರುಗಳು, ಒಂದೆರಡು ಒತ್ತುಗುಂಡಿಗಳು ಇದ್ದರೆ ಸಾಕು. ಇಟಲಿಯ ಅಸಲು ಬೋರ್ಡಿಗೆ ಬೆಲೆ ಹೆಚ್ಚು. ಅದೇ ನಕ್ಷೆಯಿಂದ ಮಾಡಿದ ಇತರ ಬೋರ್ಡುಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುವುವು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳುಂಟು, ಬೇರೆ ಊರುಗಳವರು ಅಂಚೆಯ ಮೂಲಕವೋ ಕೊರಿಯರಿನ ಮೂಲಕವೋ ತರಿಸಿಕೊಳ್ಳಬಹುದು. ಅಪ್ಪಣೆಗಳನ್ನು ಬರೆಯುವ ತಂತ್ರಾಂಶಕ್ಕೆ ಬೆಲೆಯಿಲ್ಲ. ಮೊದಲೇ ಹಣ ಹಾಕುವುದಕ್ಕೆ ಅನುಮಾನಿಸುವವರು ಟಿಂಕರ್‌ಕ್ಯಾಡ್, ವೋಕ್ವಿ ಎಂಬ ಅಂತರ್ಜಾಲದ ತಾಣಗಳಲ್ಲಿ ಬೋರ್ಡಿನ ಚಿತ್ರದ ಮೇಲೆಯೇ ತಂತಿ ಎಳೆದು ಅಭ್ಯಾಸ ಮಾಡಬಹುದು.

ಮೊದಲನೆಯ ಪಾಠವು ದೀಪವನ್ನು ಮಿನುಗಿಸುವುದು. ಅಪ್ಪಣೆಯ ಪತ್ರದಲ್ಲಿ ಎರಡು ಭಾಗಗಳಿರುತ್ತವೆ. ‘ಸೆಟಪ್’ ಎಂಬ ಭಾಗದಲ್ಲಿ ಬರೆದುದನ್ನು ಬೋರ್ಡು ಎಚ್ಚೆತ್ತೊಡನೆ ಒಂದು ಸಲ ಮಾತ್ರ ಮಾಡುತ್ತದೆ. ‘ಲೂಪ್’ ಎಂಬ ಭಾಗದಲ್ಲಿ ಬರೆದುದನ್ನು ವಿದ್ಯುತ್ತು ಇರುವವರೆಗೂ ಜಪದಂತೆ ಮತ್ತೆ ಮತ್ತೆ ಮಾಡುತ್ತಲೇ ಇರುತ್ತದೆ. ದೀಪ ಹಚ್ಚು, ಒಂದು ಸೆಕೆಂಡು ಕಾಯಿ, ದೀಪ ಆರಿಸು, ಒಂದು ಸೆಕೆಂಡು ಕಾಯಿ ಎಂದು ನಾಲ್ಕು ಅಪ್ಪಣೆಗಳನ್ನು ಬರೆದು, ಕೇಬಲ್ಲಿನ ಮೂಲಕ ಬೋರ್ಡಿಗೆ ಕಳುಹಿಸಿದರಾಯಿತು. ಬೋರ್ಡಿನ ಮೇಲೆಯೇ ೧೩ನೆಯ ರಂಧ್ರಕ್ಕೆ ಸೇರಿದ ಪುಟ್ಟ ದೀಪವಿರುವುದರಿಂದ ಈ ಪಾಠಕ್ಕೆ ತಂತಿಯೂ ಬೇಕಾಗಿಲ್ಲ.

ಹೊರಗಿನ ದೀಪವನ್ನು ಜೋಡಿಸುವಾಗ ರೆಸಿಸ್ಟರನ್ನು ನಡುವೆ ಇಡುವುದೇಕೆಂದು ಮಗು ಕೇಳೀತು. ಶಾಲೆಯಲ್ಲಿ ಕಲಿತ ಓಮ್ ನಿಯಮವು ಇಲ್ಲಿ ಕೆಲಸಕ್ಕೆ ಬರುತ್ತದೆ. ಬೋರ್ಡು ಕೊಡುವುದು ೫ ವೋಲ್ಟು. ಕೆಂಪು ದೀಪವು ಸುಮಾರು ೨ ವೋಲ್ಟನ್ನು ತಾನು ತೆಗೆದುಕೊಳ್ಳುತ್ತದೆ. ಉಳಿದ ೩ ವೋಲ್ಟನ್ನು ೨೨೦ರಿಂದ ಭಾಗಿಸಿದರೆ ಸುಮಾರು ೧೪ ಮಿಲಿಆಂಪೇರು. ಒಂದು ರಂಧ್ರದಿಂದ ೨೦ ಮಿಲಿಆಂಪೇರಿಗೆ ಮೀರದಂತೆ ವಿದ್ಯುತ್ತನ್ನು ಪಡೆಯುವುದು ಕ್ಷೇಮ. ರೆಸಿಸ್ಟರನ್ನು ಬಿಟ್ಟರೆ ಪ್ರವಾಹವು ಮಿತಿ ಮೀರಿ ದೀಪವೋ ತುಣುಕೋ ಸುಡಬಹುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಸೂತ್ರವು ತನ್ನ ಬೆರಳಿನ ತುದಿಯಲ್ಲಿ ಒಂದು ದೀಪವನ್ನು ಉಳಿಸಿತೆಂದು ಕಂಡ ಮಗುವು ಅದನ್ನು ಮುಂದೆಂದೂ ಮರೆಯಲಾರದು.

ಎರಡನೆಯ ಪಾಠವಾಗಿ ಗುಂಡಿಯನ್ನೊತ್ತಿದರೆ ದೀಪ ಹತ್ತುವಂತೆಯೂ, ಮೂರನೆಯದಾಗಿ ಬೆಳಕನ್ನು ಅರಿಯುವ ರೆಸಿಸ್ಟರನ್ನು ಜೋಡಿಸಿ ಸಂಜೆಯಾದೊಡನೆ ದೀಪವು ತಾನಾಗಿ ಹತ್ತುವಂತೆಯೂ ಮಾಡಬಹುದು. ಮೊದಲನೆಯದು ಅಪ್ಪಣೆ, ಎರಡನೆಯದು ಪ್ರಶ್ನೆ, ಮೂರನೆಯದು ತೀರ್ಮಾನ. ಮನೆಯ ಯಂತ್ರಗಳೆಲ್ಲ ಮಾಡುವ ಕೆಲಸಗಳ ತಿರುಳು ಈ ಮೂರರಲ್ಲಿಯೇ ಅಡಗಿದೆ.

ನೀರಿನ ಟ್ಯಾಂಕಿನ ಕಾವಲು

ಇಷ್ಟು ಕಲಿತ ಮೇಲೆ ಮನೆಗೆ ಉಪಯೋಗವಾಗುವ ಒಂದು ಕೆಲಸವನ್ನು ಕೈಗೊಳ್ಳುವುದು ಉಚಿತ. ನಮ್ಮ ಊರುಗಳಲ್ಲಿ ಸಂಪಿನ ನೀರನ್ನು ಮೋಟಾರಿನಿಂದ ಮಹಡಿಯ ಟ್ಯಾಂಕಿಗೆ ಏರಿಸಿ, ನಿಲ್ಲಿಸುವುದನ್ನು ಮರೆತು, ನೀರು ಸೂರಿನಿಂದ ಸುರಿದ ಮೇಲೆ ಓಡಿಹೋಗುವುದು ಮನೆಮನೆಯ ಕಥೆ. ಇದಕ್ಕೆ ಎಚ್ಚರಿಕೆಯ ಗಂಟೆಯೊಂದನ್ನು ಮಕ್ಕಳೇ ಕಟ್ಟಬಹುದು.

ಎಚ್.ಸಿ.-ಎಸ್.ಆರ್. ೦೪ ಎಂಬ, ಎರಡು ಕಣ್ಣುಗಳಂತೆ ಕಾಣುವ ಅಗ್ಗದ ಸಾಧನವು ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಸೆಕೆಂಡಿಗೆ ೪೦,೦೦೦ ಕಂಪನಗಳ ಧ್ವನಿಯನ್ನು ಹೊರಡಿಸುತ್ತದೆ. ಮನುಷ್ಯನ ಕಿವಿಯ ಎಲ್ಲೆ ಸುಮಾರು ೨೦,೦೦೦ ಆದುದರಿಂದ ಅದು ನಮಗೆ ಕೇಳಿಸದು. ಆ ಧ್ವನಿಯು ನೀರಿನ ಮೇಲ್ಮೈಗೆ ತಗಲಿ ಹಿಂದಕ್ಕೆ ಬರುವುದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೋರ್ಡು ಲೆಕ್ಕವಿಡುತ್ತದೆ. ಗಾಳಿಯಲ್ಲಿ ಧ್ವನಿಯ ವೇಗವು ೨೦ ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು. ಒಂದು ಸೆಂಟಿಮೀಟರು ಹೋಗಿ ಬರುವುದಕ್ಕೆ ಸೆಕೆಂಡಿನ ಹತ್ತು ಲಕ್ಷದ ಭಾಗಗಳಲ್ಲಿ ೫೮ ಭಾಗ ಸಾಕು. ಅಷ್ಟರೊಳಗೆ ನಮ್ಮ ಶಾನುಭೋಗರ ಗಡಿಯಾರವು ೯೦೦ಕ್ಕೂ ಹೆಚ್ಚು ಸಲ ಮಿಡಿದಿರುತ್ತದೆಯಾದುದರಿಂದ ಅವರಿಗೆ ಈ ಲೆಕ್ಕವು ಕಷ್ಟವೇ ಅಲ್ಲ.

ಸಾಧನವನ್ನು ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ, ತಳದಿಂದ ೧೨೦ ಸೆಂಟಿಮೀಟರು ಎತ್ತರದಲ್ಲಿ ಕೂರಿಸಿದ್ದೇವೆಂದು ಭಾವಿಸೋಣ. ಧ್ವನಿಯು ಅಂತಹ ೨,೯೦೦ ಭಾಗಗಳ ಬಳಿಕ ಹಿಂದಿರುಗಿತೆಂದರೆ, ೫೮ರಿಂದ ಭಾಗಿಸಿ, ನೀರು ೫೦ ಸೆಂಟಿಮೀಟರು ಕೆಳಗಿದೆಯೆಂದೂ, ಟ್ಯಾಂಕಿನಲ್ಲಿ ೭೦ ಸೆಂಟಿಮೀಟರು ನೀರಿದೆಯೆಂದೂ ತಿಳಿಯುವುದು. ಆ ದೂರವು ೨೫ ಸೆಂಟಿಮೀಟರಿಗೆ ಇಳಿದೊಡನೆ ಗಂಟೆ ಬಾರಿಸು ಎಂದು ಅಪ್ಪಣೆ ಬರೆದರೆ ಕೆಲಸ ಮುಗಿಯಿತು. ಟ್ಯಾಂಕಿನೊಳಗಿನ ತೇವಕ್ಕೆ ಸಾಧಾರಣ ಸಾಧನವು ಬೇಗ ಕೆಡುವುದರಿಂದ, ನೀರು ಹೊಗದಂತೆ ಮುಚ್ಚಿದ ಜಾತಿಯದನ್ನು ಕೊಳ್ಳುವುದು ಮೇಲು. ಮೋಟಾರನ್ನು ನಿಲ್ಲಿಸುವ ಕೆಲಸವನ್ನು ಬೋರ್ಡಿಗೆ ಒಪ್ಪಿಸದೆ ಮನುಷ್ಯನ ಕೈಗೇ ಬಿಡತಕ್ಕದ್ದು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಎಚ್ಚರಿಕೆಯ ಮಾತುಗಳು

ಬೋರ್ಡಿನ ೫ ವೋಲ್ಟು ಮುಟ್ಟಿದರೆ ಅಪಾಯವಿಲ್ಲ. ಮನೆಯ ಗೋಡೆಯಲ್ಲಿರುವ ೨೩೦ ವೋಲ್ಟು ಪ್ರಾಣವನ್ನೇ ತೆಗೆಯಬಲ್ಲುದು. ಬೋರ್ಡಿನಿಂದ ಮೋಟಾರು, ಫ್ಯಾನು, ದೊಡ್ಡ ದೀಪಗಳನ್ನು ನಡೆಸಲು ರಿಲೇ ಎಂಬ ಸಾಧನವಿದೆ. ಅದರ ಒಂದು ಪಾರ್ಶ್ವದಲ್ಲಿ ೨೩೦ ವೋಲ್ಟು ತೆರೆದಿರುವುದರಿಂದ ಮಕ್ಕಳು ಅದಕ್ಕೆ ಕೈ ಹಾಕಕೂಡದು. ಬಲ್ಲ ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸತಕ್ಕದ್ದು. ಮಕ್ಕಳ ಪಾಠಗಳು ಯು.ಎಸ್.ಬಿ. ಕೇಬಲ್ಲಿನ ವಿದ್ಯುತ್ತಿನಲ್ಲೋ ಸಾಧಾರಣ ಬ್ಯಾಟರಿಯಲ್ಲೋ ನಡೆಯಲಿ. ಆಟಿಕೆಯ ಮೋಟಾರನ್ನು ಕೂಡ ಬೋರ್ಡಿನ ರಂಧ್ರಕ್ಕೆ ನೇರವಾಗಿ ಸೇರಿಸಬಾರದು; ಅದು ಬೇಡುವ ಪ್ರವಾಹವು ತುಣುಕಿನ ಶಕ್ತಿಗೆ ಮೀರಿದುದು.

ಲಿಥಿಯಂ ಬ್ಯಾಟರಿಗಳನ್ನು ಚುಚ್ಚುವುದಾಗಲಿ, ಅವುಗಳ ಎರಡು ತುದಿಗಳನ್ನು ತಂತಿಯಿಂದ ಕೂಡಿಸುವುದಾಗಲಿ ಬೆಂಕಿಗೆ ದಾರಿ. ಬಿಲ್ಲೆಯಾಕಾರದ ಬ್ಯಾಟರಿಗಳನ್ನು ಕೂಸುಗಳ ಕೈಗೆ ಎಟುಕದಂತೆ ಬೀಗದಲ್ಲಿಡತಕ್ಕದ್ದು. ಅದನ್ನು ಮಗು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳವು ಸುಟ್ಟುಹೋಗಬಹುದು. ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಸುಗೆಯ ಕೆಲಸಕ್ಕೆ ದೊಡ್ಡವರು ಜತೆಯಲ್ಲಿರಬೇಕು, ಕಿಟಕಿ ತೆರೆದಿರಬೇಕು, ಕೆಲಸ ಮುಗಿದ ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಮನೆಯವರು ಮಾಡಬೇಕಾದುದು

ಕೇಂದ್ರ ಸರ್ಕಾರವು ೨೦೧೬ರಲ್ಲಿ ಆರಂಭಿಸಿದ ಅಟಲ್ ಇನ್ನೋವೇಷನ್ ಮಿಷನ್ನಿನಿಂದ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ದೇಶದ ಅನೇಕ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳು ಏರ್ಪಟ್ಟಿವೆ. ಅವುಗಳಲ್ಲಿ ಇಂತಹ ಬೋರ್ಡುಗಳಿರುತ್ತವೆ. ತಮ್ಮ ಮಕ್ಕಳ ಶಾಲೆಯಲ್ಲಿ ಅದು ಇದೆಯೆ, ಇದ್ದರೆ ಅದರ ಬಾಗಿಲು ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂದು ತಂದೆತಾಯಿಗಳು ವಿಚಾರಿಸುವುದು ನ್ಯಾಯ. ಆದರೆ ಶಾಲೆಯ ಘಂಟೆ ಬಾರಿಸಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಏಳಬೇಕಾಗುತ್ತದೆ. ಮನೆಯ ಮೂಲೆಯ ಮೇಜಿಗೆ ಆ ಕಟ್ಟಿಲ್ಲ.

ಭಾಷೆಯ ತೊಡಕು ಒಂದುಂಟು. ಅಪ್ಪಣೆಯ ಪದಗಳು ಇಂಗ್ಲಿಷಿನವು. ಆದರೆ ಆರಂಭಕ್ಕೆ ಬೇಕಾದ ಪದಗಳು ಇಪ್ಪತ್ತು ಮೂವತ್ತಕ್ಕೆ ಮೀರುವುದಿಲ್ಲ. ಪ್ರತಿಯೊಂದು ಸಾಲಿನ ಮುಂದೆ ಎರಡು ಓರೆಗೆರೆಗಳನ್ನು ಹಾಕಿ, ಆ ಸಾಲು ಏನು ಮಾಡುತ್ತದೆಂದು ಕನ್ನಡದಲ್ಲಿಯೇ ಟಿಪ್ಪಣಿ ಬರೆಯಲು ಅವಕಾಶವಿದೆ. ಮಗುವಿನಿಂದ ಈ ಟಿಪ್ಪಣಿಗಳನ್ನು ಬರೆಯಿಸುವುದು ಬಹಳ ಒಳ್ಳೆಯದು. ತಾಯ್ನುಡಿಯಲ್ಲಿ ವಿವರಿಸಲಾರದುದನ್ನು ಮಗು ಇನ್ನೂ ತಿಳಿದಿಲ್ಲವೆಂದೇ ಅರ್ಥ.

ಹುಡುಗರಿಗೆ ಬೋರ್ಡು, ಹುಡುಗಿಯರಿಗೆ ಅಡಿಗೆಯ ಆಟಿಕೆ ಎಂಬ ಭೇದವನ್ನು ಮಾಡಕೂಡದು. ರಂಗೋಲಿಯ ಚುಕ್ಕಿಗಳನ್ನು ತಪ್ಪದೆ ಎಣಿಸಿ ಸೇರಿಸಬಲ್ಲ ಕೈಗೆ ಬ್ರೆಡ್‌ಬೋರ್ಡಿನ ರಂಧ್ರಗಳು ಹೊಸವಲ್ಲ. ಮನೆಯ ಹಿರಿಯರೂ, ಉದ್ಯೋಗದಿಂದ ವಿರಾಮ ಪಡೆದವರೂ ಮೊಮ್ಮಕ್ಕಳ ಜತೆಯಲ್ಲಿ ಕುಳಿತು ಇದನ್ನು ಕಲಿಯಬಹುದು. ಕಲಿಸುವವರು ಮೊಮ್ಮಕ್ಕಳಾದರೆ ಇನ್ನೂ ಲೇಸು. ಸಾವಿರಾರು ರೂಪಾಯಿಗಳ ಯಂತ್ರಮಾನವನ ಪೆಟ್ಟಿಗೆಯನ್ನು ಮೊದಲೇ ತಂದುಕೊಡಬೇಕಾಗಿಲ್ಲ. ಎಲ್ಲವನ್ನೂ ಸಿದ್ಧಪಡಿಸಿ ಕೊಟ್ಟ ಆಟಿಕೆಯು ಒಂದು ವಾರದಲ್ಲಿ ಅಟ್ಟವನ್ನು ಸೇರುವುದನ್ನು ಯಾರು ಕಂಡಿಲ್ಲ?

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ದೀಪ ಹತ್ತದಿದ್ದರೆ ಬೋರ್ಡು ಗದರಿಸುವುದಿಲ್ಲ, 'ಶಹಬಾಸ್' ಎನ್ನುವುದೂ ಇಲ್ಲ. ಬರೆದುದನ್ನೇ ಅದು ಮಾಡುತ್ತದೆ. ಬರೆಯಬೇಕೆಂದು ಎಣಿಸಿದುದನ್ನು ಮಾಡುವುದಿಲ್ಲ. ತಂತಿಯು ಸಡಿಲವೋ, ದೀಪದ ಕಾಲುಗಳು ಅದಲುಬದಲೋ, ಸಾಲಿನ ಕೊನೆಯ ಚಿಹ್ನೆಯು ತಪ್ಪಿಹೋಯಿತೋ ಎಂದು ಒಂದೊಂದನ್ನೇ ಪರೀಕ್ಷಿಸಿ, ಅಲ್ಲವಾದುದನ್ನು ಬಿಡುತ್ತ ಹೋಗಬೇಕು. ಆಗ ತಂದೆಯಾಗಲಿ ತಾಯಿಯಾಗಲಿ ಕೈ ಹಾಕಿ ಸರಿಪಡಿಸಿಕೊಡಬಾರದು. ಪಕ್ಕದಲ್ಲಿ ಕುಳಿತು, ‘ಈಗ ಯಾವುದನ್ನು ನೋಡೋಣ?’ ಎಂದು ಕೇಳಿದರೆ ಸಾಕು. ಅರ್ಧ ಗಂಟೆಯ ತಾಳ್ಮೆಯ ಬಳಿಕ ತಪ್ಪನ್ನು ತಾನೇ ಕಂಡುಹಿಡಿದು ದೀಪವನ್ನು ಹತ್ತಿಸಿದ ಮಗುವಿಗೆ ಆಗುವ ಲಾಭವು ಯಾವ ಅಂಕಪಟ್ಟಿಯಲ್ಲಿಯೂ ಕಾಣದು. ಕೆಟ್ಟುಹೋದುದನ್ನು ಎಸೆಯುವ ಮುನ್ನ ಏಕೆ ಕೆಟ್ಟಿತೆಂದು ನೋಡುವ ಬುದ್ಧಿ, ಅವರಿವರ ಮಾತನ್ನು ನಂಬುವ ಮುನ್ನ ಪರೀಕ್ಷಿಸುವ ಬುದ್ಧಿ, ಇವು ಅಲ್ಲಿ ಮೊಳೆಯುತ್ತವೆ.

ಹೀಗೆ ಕಲಿತ ಮಕ್ಕಳೆಲ್ಲರೂ ಎಂಜಿನಿಯರುಗಳಾಗಬೇಕೆಂದಿಲ್ಲ. ಸಂಗೀತವನ್ನು ಕಲಿತವರೆಲ್ಲ ಕಚೇರಿ ಮಾಡುವುದಿಲ್ಲ. ಆದರೆ ಅವರ ಕಿವಿ ಬೇರೆಯಾಗುತ್ತದೆ. ಅಂತೆಯೇ ಇವರ ಕಣ್ಣು ಬೇರೆಯಾಗುವುದು. ಮನೆಯ ಯಂತ್ರಗಳು ಇವರಿಗೆ ಮಾಯೆಯಾಗಿ ಉಳಿಯದೆ, ಯಾರೋ ಒಬ್ಬರು ಆಲೋಚಿಸಿ ಬರೆದ ಅಪ್ಪಣೆಗಳಾಗಿ ಕಾಣುವುವು. ಬರುವ ರಜೆಯಲ್ಲಿ ಮಕ್ಕಳಿಗೆ ಏನನ್ನು ಕೊಡಿಸುವುದೆಂದು ಯೋಚಿಸುತ್ತಿರುವ ಗೃಹಸ್ಥರು ಈ ಅಂಗೈಯಗಲದ ಬೋರ್ಡನ್ನು ಒಮ್ಮೆ ಮನೆಗೆ ತರಲಿ. ತಂದುಕೊಟ್ಟು ಸುಮ್ಮನಾಗದೆ, ಮಕ್ಕಳ ಪಕ್ಕದಲ್ಲಿ ತಾವೂ ಒಂದು ಮಣೆ ಹಾಕಿಕೊಂಡು ಕೂರಲಿ.